ಫ್ರಿಜ್ ಹಿಂದಿನ ಬಿಸಿ ಎಲ್ಲಿಂದ ಬರುತ್ತದೆ?

ಫ್ರೀಜರ್‌ನಲ್ಲಿ ಕಟ್ಟಿದ ಐಸನ್ನು ಚಾಕುವಿನಿಂದ ಕೆರೆಯಲು ಹೋಗಿ ಫ್ರಿಜ್ ಕೆಡಿಸಿಕೊಂಡವರ ಮನೆಗೆ ನಾನು ತಿಂಗಳಿಗೆ ಒಂದು ಸಲವಾದರೂ ಹೋಗುತ್ತೇನೆ. ಮೊನ್ನೆ ಮೈಸೂರಿನ ಕುವೆಂಪುನಗರದ ಒಂದು ಮನೆಯಲ್ಲಿ ಇದೇ ಕಥೆ. ಒಂದೇ ಬಾಗಿಲಿನ ಹಳೆಯ ಫ್ರಿಜ್. "ಅಣ್ಣಾ, ಸ್ವಲ್ಪ ಒತ್ತಿದೆ ಅಷ್ಟೇ. ಬುಸ್ ಅಂತ ಸದ್ದು ಬಂತು. ಆಮೇಲೆ ತಣ್ಣಗೇ ಆಗ್ತಿಲ್ಲ" ಎಂದರು ಮನೆಯಾಕೆ. ಟಾರ್ಚ್ ಹಾಕಿ ನೋಡಿದೆ. ಅಲ್ಯೂಮಿನಿಯಂ ತಗಡಿನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ತೂತು. ಸುತ್ತ ಎಣ್ಣೆ ಜಿಡ್ಡು.

"ಅಷ್ಟು ಸಣ್ಣ ತೂತಿಗೆ ಇಡೀ ಫ್ರಿಜ್ ನಿಂತು ಹೋಗುತ್ತಾ ಅಂಕಲ್?" ಎಂದು ಅವರ ಮಗಳು ಕೇಳಿದಳು. ಎಂಟನೇ ಕ್ಲಾಸು. ಘನ, ದ್ರವ, ಅನಿಲ ಎಲ್ಲ ಶಾಲೆಯಲ್ಲಿ ಓದಿದ್ದಾಳೆ. ಆ ಪಾಠವೇ ಅವರ ಅಡುಗೆಮನೆಯ ಮೂಲೆಯಲ್ಲಿ ಹಗಲೂ ರಾತ್ರಿ ನಡೆಯುತ್ತಿದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಅಲ್ಲೇ ಇದ್ದ ಸ್ಯಾನಿಟೈಸರ್ ಬಾಟಲಿಯಿಂದ ಎರಡು ಹನಿ ಅವಳ ಅಂಗೈಗೆ ಹಾಕಿ, ಊದು ಎಂದೆ. "ತಣ್ಣಗಿದೆ!" ಎಂದಳು. ಬಾಟಲಿ ತಣ್ಣಗಿರಲಿಲ್ಲ. ದ್ರವ ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ಅವಳ ಕೈಯಿಂದಲೇ ಕಿತ್ತುಕೊಂಡಿತು. ಫ್ರಿಜ್ ಮಾಡುವುದೂ ಇದನ್ನೇ. ನಿಮ್ಮ ಹಾಲಿನಲ್ಲಿ, ಹಿಟ್ಟಿನಲ್ಲಿ, ತರಕಾರಿಯಲ್ಲಿ ಇರುವ ಬಿಸಿಯನ್ನು ಒಂದು ದ್ರವ ಹೀರಿಕೊಂಡು ಅನಿಲವಾಗುತ್ತದೆ. ಹೊರಗೆ ಬಂದು ಆ ಬಿಸಿಯನ್ನು ಚೆಲ್ಲಿ ಮತ್ತೆ ದ್ರವವಾಗುತ್ತದೆ. ಆ ದ್ರವ ಸೋರಿಹೋದರೆ ಬಿಸಿ ಹೊರಲು ಯಾರೂ ಇಲ್ಲ.

ರೂಪ ಬದಲಾಗುವಾಗ ಎಷ್ಟು ಶಾಖ ಬೇಕಾಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 0 ಡಿಗ್ರಿಯಲ್ಲಿರುವ ಒಂದು ಕೆ.ಜಿ. ಐಸ್ ತೆಗೆದುಕೊಳ್ಳಿ. ಅದು ಕರಗಿ 0 ಡಿಗ್ರಿಯ ನೀರಾಗಲು 334 ಕಿಲೋಜೌಲ್ ಶಾಖ ಬೇಕು. ಅಷ್ಟೇ ಶಾಖದಲ್ಲಿ ಅದೇ ನೀರನ್ನು 0ಯಿಂದ 80 ಡಿಗ್ರಿಗೆ ಕಾಯಿಸಬಹುದು! ಇನ್ನು ಕುದಿಯುವ ಒಂದು ಕೆ.ಜಿ. ನೀರು ಪೂರ್ತಿ ಆವಿಯಾಗಲು ಸುಮಾರು 2,260 ಕಿಲೋಜೌಲ್. ನೀರನ್ನು 0ಯಿಂದ 100ಕ್ಕೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗೂ ಜಾಸ್ತಿ. ಇಷ್ಟೆಲ್ಲ ಶಾಖ ಒಳಗೆ ಹೋದರೂ ಥರ್ಮಾಮೀಟರ್ ಒಂದು ಡಿಗ್ರಿಯೂ ಏರುವುದಿಲ್ಲ. ಶಾಖವೆಲ್ಲ ಕಣಗಳ ಹಿಡಿತ ಬಿಡಿಸುವುದಕ್ಕೇ ಖರ್ಚಾಗುತ್ತದೆ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದರು. ನಮ್ಮ ಪಠ್ಯದಲ್ಲಿ ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ. ಆವಿ ತಗುಲಿದರೆ ಬಿಸಿನೀರಿಗಿಂತ ಕೆಟ್ಟದಾಗಿ ಸುಡುವುದೂ ಇದರಿಂದಲೇ. ಚರ್ಮದ ಮೇಲೆ ಅದು ನೀರಾಗುವಾಗ ಹೊತ್ತು ತಂದ ಶಾಖವನ್ನೆಲ್ಲ ಅಲ್ಲೇ ಇಳಿಸುತ್ತದೆ.

ಎಸಿ ಕೊಳ್ಳುವಾಗ "ಒಂದೂವರೆ ಟನ್" ಎನ್ನುತ್ತಾರಲ್ಲ, ಅದರ ಮೂಲವೂ ಇಲ್ಲೇ ಇದೆ. "ಗೋಡೆ ಅಷ್ಟು ಭಾರ ತಡೆಯುತ್ತಾ?" ಎಂದು ಗಾಬರಿಯಿಂದ ಕೇಳಿದವರಿದ್ದಾರೆ. ಟನ್ ಎಂದರೆ ಎಸಿಯ ತೂಕವಲ್ಲ. ಮಷೀನುಗಳು ಬರುವ ಮೊದಲು ತಂಪಿಗೆ ಐಸ್ ಗಡ್ಡೆಗಳನ್ನೇ ಬಳಸುತ್ತಿದ್ದರು. ಒಂದು ಟನ್ ಐಸ್, ಅಮೆರಿಕದ ಲೆಕ್ಕದಲ್ಲಿ ಸುಮಾರು 907 ಕೆ.ಜಿ., 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟೇ ಶಾಖವನ್ನು ಕೋಣೆಯಿಂದ ತೆಗೆಯುವ ಯಂತ್ರ ಒಂದು ಟನ್ ಎಸಿ. ಇವತ್ತಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್. ಐಸ್ ಹೋಯಿತು, ಅದರ ಅಳತೆ ಉಳಿಯಿತು.

ಈಗ ಹುಡುಗಿ ಸರಿಯಾದ ಪ್ರಶ್ನೆ ಕೇಳಿದಳು. "ಫ್ರೀಜರ್ ಒಳಗೆ ಅಷ್ಟು ಚಳಿ ಇರುವಾಗ ಆ ದ್ರವ ಹೇಗೆ ಕುದಿಯುತ್ತೆ?"

ಉತ್ತರ ಕುಕ್ಕರ್‌ನಲ್ಲಿದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಮೈಸೂರು ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ. ಇಲ್ಲಿ 97-98ಕ್ಕೇ ಕುದಿಯುತ್ತದೆ. ಕುಕ್ಕರ್‌ನಲ್ಲಿ ಒತ್ತಡ ಹೆಚ್ಚು, ಅಲ್ಲಿ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಬೇಳೆ ಬೇಗ ಬೇಯುವುದು ಅದಕ್ಕೇ. ಅಂದರೆ ಒತ್ತಡ ಏರಿಸಿದರೆ ಕುದಿಯುವ ಬಿಂದು ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಇನ್ನು ಈ ಫ್ರಿಜ್‌ನಲ್ಲಿ ಬಿಸಿ ಹೊರುತ್ತಿದ್ದ ದ್ರವದ ಹೆಸರು ಆರ್-134ಎ, ನಾವು ಗ್ಯಾಸ್ ಎಂದೇ ಕರೆಯುತ್ತೇವೆ. ಅದು ಹುಟ್ಟಾ ಚಳಿಯಲ್ಲೇ ಕುದಿಯುವಂಥದ್ದು. ಸಾಮಾನ್ಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೆ ಕುದಿಯುತ್ತದೆ. ಈಗಿನ ಫ್ರಿಜ್‌ಗಳಲ್ಲಿ ಬರುವ ಆರ್-600ಎ ಮೈನಸ್ 12ರ ಹತ್ತಿರ. ಇದು ನಮ್ಮ ಅಡುಗೆ ಗ್ಯಾಸಿನ ಸಂಬಂಧಿಯೇ, ಬೆಂಕಿ ಹತ್ತುವಂಥದ್ದು. ಅದಕ್ಕೇ ಹೊಸ ಫ್ರಿಜ್‌ಗೆ ಚಾಕು ತಗುಲಿ ಸದ್ದು ಬಂದರೆ ಲೈಟರ್ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ. ಮೊದಲು ಕಿಟಕಿ ತೆಗೆಯಿರಿ.

ಫ್ರಿಜ್‌ನ ಕೆಳಗಿರುವ ಕಂಪ್ರೆಸರ್ ಒಂದು ಕಡೆಯಿಂದ ಎಳೆಯುತ್ತದೆ, ಇನ್ನೊಂದು ಕಡೆಗೆ ಒತ್ತುತ್ತದೆ. ಎಳೆಯುವ ಕಡೆ ಫ್ರೀಜರ್. ಅಲ್ಲಿ ಒತ್ತಡ ಕಮ್ಮಿ, ದ್ರವ ಕುದಿದು ಶಾಖ ಹೀರುತ್ತದೆ. ಒತ್ತುವ ಕಡೆ ಹಿಂದಿನ ಕಪ್ಪು ಜಾಲರಿ. ಅಲ್ಲಿ ಒತ್ತಡ ಜಾಸ್ತಿ, ಅನಿಲ ಬಿಸಿ ಕಳೆದುಕೊಂಡು ದ್ರವವಾಗುತ್ತದೆ. ನಡುವೆ ಕೂದಲೆಳೆಯಂಥ ಒಂದು ತಾಮ್ರದ ಕೊಳವೆ, ಕ್ಯಾಪಿಲರಿ. ಅದರ ಒಳಗಿನ ತೂತು ಒಂದು ಮಿಲಿಮೀಟರ್ ಕೂಡ ಇಲ್ಲ. ಎರಡು ಒತ್ತಡಗಳನ್ನು ಬೇರೆ ಬೇರೆ ಇಡುವುದು ಅದೇ.

ಹಿಂದೆ ಬಿಸಿ ಬರುತ್ತದೆ ಎಂದು ಹೆದರಿ ಫೋನ್ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಅದು ನಿಮ್ಮ ಹಾಲಿನ ಬಿಸಿ, ಜೊತೆಗೆ ಕಂಪ್ರೆಸರ್ ತಿಂದ ಕರೆಂಟಿನ ಬಿಸಿ. ಹೊಸ ಮಾಡೆಲ್‌ಗಳಲ್ಲಿ ಜಾಲರಿ ಪಕ್ಕದ ತಗಡಿನೊಳಗೆ ಅಡಗಿರುತ್ತದೆ, ಹಾಗಾಗಿ ಪಕ್ಕಗಳು ಬೆಚ್ಚಗಾಗುತ್ತವೆ. ಆ ಬಿಸಿ ಹೋಗಲು ಜಾಗ ಬಿಡಿ. ಗೋಡೆಗೆ ಅಂಟಿಸಿ ಇಡಬೇಡಿ, ಹಿಂದೆ ಬಟ್ಟೆ ತುರುಕಬೇಡಿ. ಬಿಸಿ ಹೊರಗೆ ಹೋಗದಿದ್ದರೆ ಅನಿಲ ಸರಿಯಾಗಿ ದ್ರವವಾಗುವುದಿಲ್ಲ, ಕಂಪ್ರೆಸರ್ ಸುಮ್ನೆ ಓಡುತ್ತಲೇ ಇರುತ್ತದೆ.

ಐಸ್ ವಿಷಯಕ್ಕೂ ಇದೇ ಲೆಕ್ಕ. ಬಾಗಿಲು ತೆಗೆದಾಗ ಒಳಗೆ ಬರುವ ಗಾಳಿಯಲ್ಲಿ, ಮುಚ್ಚದೆ ಇಟ್ಟ ಸಾರಿನಲ್ಲಿ ನೀರಿನ ಆವಿ ಇರುತ್ತದೆ. ಅದು ಹೋಗಿ ಫ್ರೀಜರ್ ತಗಡಿಗೆ ಅಂಟಿ ಐಸ್ ಆಗುತ್ತದೆ. ದಪ್ಪಗಾದ ಐಸ್ ಕಂಬಳಿಯ ಹಾಗೆ. ಶಾಖವನ್ನು ತಗಡಿಗೆ ಮುಟ್ಟಲು ಬಿಡುವುದಿಲ್ಲ. ಅರ್ಧ ಸೆಂಟಿಮೀಟರ್ ಕಟ್ಟಿದ ಕೂಡಲೇ ಡಿಫ್ರಾಸ್ಟ್ ಬಟನ್ ಒತ್ತಿ. ಅವಸರವಿದ್ದರೆ ಸ್ವಿಚ್ ಆಫ್ ಮಾಡಿ, ಬಾಗಿಲು ತೆಗೆದು, ಕೆಳಗೆ ಬಟ್ಟೆ ಹಾಸಿ ಕಾಯಿರಿ. ಆ ತಗಡಿನೊಳಗೇ ಗ್ಯಾಸ್ ಓಡುವ ಕಾಲುವೆಗಳಿವೆ ಎಂಬುದು ನೆನಪಿರಲಿ.

ಆ ಮನೆಯಲ್ಲಿ ತೂತು ಬಿದ್ದ ಮೇಲೂ ಫ್ರಿಜ್ ಎರಡು ದಿನ ಓಡಿತ್ತು. ಒಳಗೆ ತೇವದ ಗಾಳಿ ನುಗ್ಗಿತ್ತು. ಆ ತೇವ ಹಾಗೇ ಉಳಿದರೆ ಕ್ಯಾಪಿಲರಿಯ ತುದಿಯಲ್ಲಿ ಐಸ್ ಆಗಿ ದಾರಿ ಕಟ್ಟುತ್ತದೆ. ನಾವು ಚೋಕ್ ಎನ್ನುತ್ತೇವೆ. ಫ್ರಿಜ್ ಸ್ವಲ್ಪ ಹೊತ್ತು ತಂಪಾಗಿ ನಿಂತುಬಿಡುತ್ತದೆ. ಆಫ್ ಮಾಡಿದರೆ ಆ ಐಸ್ ಕರಗುತ್ತದೆ, ಮತ್ತೆ ಹಾಕಿದರೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಹೊಸ ಫ್ರೀಜರ್ ಬಾಕ್ಸ್ ಕೂರಿಸಿ, ಫಿಲ್ಟರ್ ಬದಲಾಯಿಸಿ, ಕೊಳವೆಗಳೊಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹಚ್ಚಿದೆ.

ಈ ಹಂತದಲ್ಲೇ ಗಿರಾಕಿಗಳಿಗೆ ಬೇಸರ ಬರುವುದು. ಪಂಪ್ ಓಡುತ್ತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಹತ್ತು ನಿಮಿಷದಲ್ಲಿ ಮುಗಿಸಿ ಗ್ಯಾಸ್ ತುಂಬಿ ಹೋಗುವವರೂ ಇದ್ದಾರೆ, ಅದು ತಪ್ಪು ಕೆಲಸ. "ಒಳಗೆ ನೀರು ಕುದೀತಾ ಇದೆ" ಎಂದೆ. ಹುಡುಗಿ ನಂಬಲಿಲ್ಲ. ಅವರ ಮನೆಯಲ್ಲಿ ಔಷಧಿ ಹಾಕುವ, ಸೂಜಿ ಇಲ್ಲದ ಸಿರಿಂಜ್ ಇತ್ತು. ಬೆಚ್ಚಗಿನ ನೀರನ್ನು ಕಾಲು ಭಾಗ ಎಳೆದುಕೊಂಡು, ಗಾಳಿಯನ್ನೆಲ್ಲ ಹೊರಗೆ ತಳ್ಳಿ, ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಂದಕ್ಕೆ ಎಳೆ ಎಂದೆ. ಎಳೆದಳು. ನೀರಿನೊಳಗೆ ಗುಳ್ಳೆಗಳು ಎದ್ದವು. ಬಿಟ್ಟಳು, ನೀರು ಸುಮ್ಮನಾಯಿತು. ಮತ್ತೆ ಎಳೆದಳು, ಮತ್ತೆ ಗುಳ್ಳೆ.

"ಅಮ್ಮಾ, ಬೆಂಕಿ ಇಲ್ಲದೆ ಕುದೀತಿದೆ ನೋಡು!" ಎಂದು ಸಿರಿಂಜ್ ಹಿಡಿದುಕೊಂಡು ಹಾಲ್‌ಗೆ ಓಡಿದಳು. ನಾನು ಪಂಪನ್ನು ಇನ್ನೂ ಇಪ್ಪತ್ತು ನಿಮಿಷ ಓಡಲು ಬಿಟ್ಟೆ.