ಒಂದೇ ಕೊಂಬೆಯ ಬೇರೆ ಬಣ್ಣ

ನಮ್ಮ ಹಿತ್ತಲಿನ ದಾಸವಾಳ ಹದಿನೈದು ವರ್ಷದಿಂದ ಕೆಂಪು ಹೂವನ್ನೇ ಕೊಡುತ್ತಿತ್ತು. ಮೊನ್ನಿನ ಶ್ರಾವಣದ ಹಿಂದಿನ ಶ್ರಾವಣದಲ್ಲಿ ಬಾವಿಕಟ್ಟೆಯ ಕಡೆಗೆ ಬಾಗಿದ ಒಂದೇ ಒಂದು ಕೊಂಬೆ ಕೆನೆಬಣ್ಣದ, ಕೆಂಪು ಗೀರಿನ ಹೂವು ಬಿಟ್ಟಿತು. ನೋಡಲು ಬಂದವರು ತಲೆಗೊಂದು ಕಾರಣ ಹೇಳಿದರು. ಬುಡಕ್ಕೆ ಅರಿಸಿನದ ನೀರು ಬಿದ್ದಿರಬೇಕು ಎಂದರು ಒಬ್ಬರು. ಇನ್ನೊಬ್ಬರು ಕೈಮುಗಿದು ಕುಂಕುಮ ಇಟ್ಟು ಹೋದರು. ಕುಂಕುಮಕ್ಕೆ ನನ್ನ ತಕರಾರಿಲ್ಲ, ಗಿಡಕ್ಕೂ ಇರಲಿಲ್ಲ. ಆದರೆ ‘ಪಕ್ಕದ ಬಿಳಿ ದಾಸವಾಳದ ಗಾಳಿ ಸೋಕಿದೆ’ ಎಂಬುದನ್ನು ಕೇಳಿ ಸುಮ್ಮನಿರಲಾರೆ. ಪಕ್ಕದ ಗಿಡದ ಪರಾಗ ಬಿದ್ದರೆ ಅದರ ಪಾಲು ಸಿಗುವುದು ಬೀಜದೊಳಗಿನ ಮರಿಗೆ; ಅರಳಿದ ಹೂವಿನ ಎಸಳಿಗಲ್ಲ.

ನಡೆದದ್ದು ಇಷ್ಟು: ಚಿಗುರಿನ ತುದಿಯಲ್ಲಿ ಒಂದು ಜೀವಕೋಶದ ವಂಶವಾಹಿ ಬದಲಾಯಿತು, ಅದರ ಸಂತತಿ ಕೊಂಬೆಯಾಗಿ ಬೆಳೆಯಿತು. ಅಮೆರಿಕದಲ್ಲಿ ಗಿಡಕ್ಕೆ ಸಿಕ್ಕ ಮೊಟ್ಟಮೊದಲ ಪೇಟೆಂಟ್ ಇಂಥದ್ದಕ್ಕೇ. ವರ್ಷಕ್ಕೊಮ್ಮೆ ಹೂ ಬಿಡುತ್ತಿದ್ದ ಬಳ್ಳಿ ಗುಲಾಬಿಯೊಂದರ ಇಂಥ ರೂಪಾಂತರ ಮತ್ತೆ ಮತ್ತೆ ಹೂ ಬಿಡತೊಡಗಿತ್ತು. ಹೆನ್ರಿ ಬೋಸೆನ್‌ಬರ್ಗ್ ಎಂಬಾತ ಅದಕ್ಕೆ 1931ರಲ್ಲಿ ಪೇಟೆಂಟ್ ಪಡೆದ. ಅದೇ ‘ನ್ಯೂ ಡಾನ್’.

ಇಂಥ ಹೂವನ್ನು ಬೀಜದಿಂದ ಉಳಿಸಲಾಗದು. ಬೀಜವೆಂದರೆ ಇಸ್ಪೀಟು ಎಲೆಗಳನ್ನು ಕಲಸಿ ಮತ್ತೆ ಹಂಚಿದ ಹಾಗೆ. ಕೊಂಬೆಯನ್ನೇ ಗಿಡ ಮಾಡಬೇಕು. ನಾನು ಮಳೆಗಾಲದಲ್ಲಿ ಮೂರು ಕಡೆ ಗೂಟಿ ಕಟ್ಟಿದೆ, ಅಂದರೆ ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸುವ ಕೆಲಸ. ಪೆನ್ಸಿಲ್ ದಪ್ಪದ ಕಡೆ ಒಂದಂಗುಲ ತೊಗಟೆಯನ್ನು ಉಂಗುರದಂತೆ ಬಿಡಿಸಿ, ಕೆಳಗಿನ ಲೋಳೆಯನ್ನು ಚಾಕುವಿನಿಂದ ಕೆರೆದು ತೆಗೆದೆ. ಅದು ಉಳಿದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ. ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಸುತ್ತ ಒತ್ತಿ, ಪ್ಲಾಸ್ಟಿಕ್ ಸುತ್ತಿ, ಎರಡೂ ತುದಿಗೆ ಬಿಗಿಯಾಗಿ ದಾರ ಕಟ್ಟಿದೆ.

ತೊಗಟೆ ಹೋದರೂ ಕೊಂಬೆ ಬಾಡುವುದಿಲ್ಲ, ಏಕೆಂದರೆ ನೀರು ಏರುವುದು ಒಳಗಿನ ಕಟ್ಟಿಗೆಯಲ್ಲಿ. ಎಲೆ ಮಾಡಿದ ಸಕ್ಕರೆ ಇಳಿಯುವ ದಾರಿ ಮಾತ್ರ ತೊಗಟೆಯಲ್ಲಿದೆ. ಚಿಗುರಿನ ಆಕ್ಸಿನ್ ಎಂಬ ಹಾರ್ಮೋನಿಗೂ ಈ ಉಂಗುರದಲ್ಲಿ ತಡೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಸಕಲೇಶಪುರದ ಕಡೆ ಲಾರಿಗಳು ಸಾಲುಗಟ್ಟುವುದಿಲ್ಲವೇ? ಕಾಲುವೆಗೆ ಅಡ್ಡ ಕಟ್ಟಿದರೆ ಮೇಲಿನ ಗದ್ದೆ ತುಂಬುವುದಿಲ್ಲವೇ? ಹಾಗೆಯೇ ಗಾಯದ ಮೇಲಂಚಿನಲ್ಲಿ ಸಕ್ಕರೆ, ಆಕ್ಸಿನ್ ಎರಡೂ ಜಮಾಯಿಸುತ್ತವೆ. ಅಲ್ಲಿನ ಕೋಶಗಳಿಗೆ ಅದೇ ಬೇರು ಬಿಡುವ ಅಪ್ಪಣೆ. ಅದಕ್ಕೇ ಬೇರು ಮೇಲಂಚಿನಿಂದಲೇ ಇಳಿಯುತ್ತದೆ. ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ 1928ರಲ್ಲಿ ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಅಗರ್ ಎಂಬ ಜೆಲ್ಲಿಯ ತುಂಡಿನ ಮೇಲಿಟ್ಟ. ಆಮೇಲೆ ಆ ಅಗರ್ ಒಂದೇ, ತಲೆ ಕತ್ತರಿಸಿದ ಮೊಳಕೆಯನ್ನು ಬಾಗಿಸಿ ಬೆಳೆಸಿತು. ತುದಿಯಿಂದ ಏನೋ ಇಳಿಯುತ್ತದೆ ಎಂಬುದು ಹೀಗೆ ಕೈಗೆ ಸಿಕ್ಕಿತು; ಅದೇ ಆಕ್ಸಿನ್. ನರ್ಸರಿಯ ‘ಬೇರು ಪುಡಿ’ ಇದೇ ಜಾತಿಯ ಸರಕು.

ಆರನೆಯ ವಾರ ಪ್ಲಾಸ್ಟಿಕ್ಕಿಗೆ ಒಳಗಿನಿಂದ ಒತ್ತಿಕೊಂಡ ಬಿಳಿ ಬೇರುಗಳು ಶಾವಿಗೆಯಂತೆ ಕಂಡವು. ಉಂಗುರದ ಕೆಳಗೆ ಕತ್ತರಿಸಿ ಮೂರು ಗೂಟಿಗಳನ್ನೂ ಕುಂಡಕ್ಕಿಳಿಸಿದೆ. ಒಂದು ಸತ್ತರೂ ಇನ್ನೊಂದಿರಲೆಂದು ಎರಡನ್ನು ಅಕ್ಕನ ಮನೆಗೆ ಕೊಟ್ಟೆ.

ಈ ವರ್ಷ ಎರಡರಲ್ಲಿ ಗೀರಿನ ಹೂವು ಬಂದಿದೆ, ಮೂರನೆಯದು ಅಪ್ಪಟ ಕೆಂಪು. ‘ಮಣ್ಣು ಬದಲಾಯಿತಲ್ಲ, ಅದಕ್ಕೇ’ ಎಂದಳು ಅಕ್ಕ. ಮಣ್ಣಿನ ತಪ್ಪಲ್ಲ. ಬದಲಾದ ಕೋಶಗಳು ಕೊಂಬೆಯ ಒಂದು ಮಗ್ಗುಲಲ್ಲಷ್ಟೇ ಇದ್ದರೆ, ಇನ್ನೊಂದು ಮಗ್ಗುಲಿನ ಚಿಗುರು ಹಳೆಯ ಬಣ್ಣವನ್ನೇ ತರುತ್ತದೆ. ಗೀರಿನ ಗಿಡದಲ್ಲೂ ಅಂಥ ಕೆಂಪು ಚಿಗುರು ಹೊರಟರೆ ಬುಡದಲ್ಲೇ ಚಿವುಟುತ್ತೇನೆ.