ಡ್ರಿಫ್ಟ್: ಬರಹ ನಿಂತಲ್ಲೇ ಇದ್ದು ಸರ್ವರ್ ಕದಲುವುದು

ಕ್ಲೌಡ್‌ನ ಸರ್ವರ್‌ಗಳನ್ನು ಕೋಡ್ ಬರೆದು ಕಟ್ಟುವ ಉಪಕರಣ ಟೆರಾಫಾರ್ಮ್. ಅದರಲ್ಲಿ ‘ಪ್ಲಾನ್’, ಅಂದರೆ ಕೋಡ್‌ಗೂ ಕ್ಲೌಡ್‌ಗೂ ಇರುವ ಅಂತರವನ್ನು ತೋರಿಸುವ ಆದೇಶ, ಓಡಿಸಿದಾಗ ಕಾಣುವ ಪ್ರತಿಯೊಂದು ವ್ಯತ್ಯಾಸವನ್ನೂ ‘ಡ್ರಿಫ್ಟ್’ ಎಂದು ಕರೆಯುವ ಅಭ್ಯಾಸ ಬೆಳೆಯುತ್ತಿದೆ. ಮಡಿಕೇರಿಯಲ್ಲಿ ಕುಳಿತು ಹೋಮ್‌ಸ್ಟೇ ಬುಕಿಂಗ್‌ನ ಸರ್ವರ್‌ಗಳನ್ನು ನೋಡಿಕೊಳ್ಳುವ ತಂಡವೊಂದರ ವರದಿಯನ್ನು ಕಳೆದ ವಾರ ಓದಿದೆ. ಅದರಲ್ಲಿ ಈ ಪದ ಪುಟಪುಟದಲ್ಲೂ ಇತ್ತು, ಬಹುಪಾಲು ಕಡೆ ತಪ್ಪಾಗಿತ್ತು. ಪದ ತಪ್ಪಿದರೆ ಪರಿಹಾರವೂ ತಪ್ಪುತ್ತದೆ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ.

ಇಂಗ್ಲಿಷಿನ ಡ್ರಿಫ್ಟ್ ಪದವು ಡ್ರೈವ್ ಪದದ ಬಳಗಕ್ಕೆ ಸೇರಿದ್ದು. ಹೊರಗಿನ ಬಲ ನೂಕಿದ್ದರಿಂದ ಆದ ಚಲನೆ ಎಂಬ ಅರ್ಥ ಅದರ ಬೇರಿನಲ್ಲೇ ಇದೆ. ಮಳೆಗಾಲದ ಕಾವೇರಿಯ ಸೆಳವಿಗೆ ಸಿಕ್ಕ ಹರಿಗೋಲು, ಯಾರೂ ಹುಟ್ಟು ಹಾಕದಿದ್ದರೂ ಕಡವಿನಿಂದ ಕೆಳಕ್ಕೆ ಸಾಗಿದರೆ ಅದು ಡ್ರಿಫ್ಟ್. ಅಂಬಿಗನೇ ಹುಟ್ಟು ಹಾಕಿ ಆಚೆ ದಡಕ್ಕೆ ಒಯ್ದರೆ ಅಲ್ಲ. ಕನ್ನಡದಲ್ಲಿ ಇದನ್ನು ‘ಜಾರಿಕೆ’ ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಬರೆದದ್ದನ್ನು ಕ್ಲೌಡ್‌ನಲ್ಲಿ ಆಗುಮಾಡುವ ‘ಅಪ್ಲೈ’ ಹಂತಕ್ಕೆ ನಮ್ಮಲ್ಲಿ ಸಹಜವಾಗಿ ಒದಗುವ ಪದವೇ ‘ಜಾರಿ’. ಜಾರು ಎಂಬುದು ಅಚ್ಚಗನ್ನಡದ ಧಾತು. ಜಾರಿ ಎಂಬುದು ‘ಹರಿಯುತ್ತಿರುವ’ ಎಂಬರ್ಥದ ಅರಬ್ಬಿ ಪದ, ಫಾರ್ಸಿಯ ದಾರಿಯಾಗಿ ನಮ್ಮ ಕಚೇರಿಗಳಿಗೆ ಬಂದದ್ದು. ಸಂಬಂಧವೇ ಇಲ್ಲದ ಈ ಎರಡನ್ನು ‘ಜಾರಿಕೆ ಕಂಡರೆ ಜಾರಿ ಮಾಡಿ’ ಎಂದು ಒಂದೇ ವಾಕ್ಯದಲ್ಲಿ ಇಟ್ಟರೆ ಓದುವವರು ಎಡವುತ್ತಾರೆ. ಇಟ್ಟ ಜಾಗದಿಂದ ಸರಿಯುವುದನ್ನು ಸೂಚಿಸುವ ‘ಕದಲಿಕೆ’ ಮೇಲು.

ಗೊಂದಲದ ಮೂಲವೆಂದರೆ, ಇಲ್ಲಿ ಇರುವುದು ಎರಡಲ್ಲ, ಮೂರು: ನಾವು ಬರೆದ ಕೋಡ್, ಉಪಕರಣ ಕೊನೆಯ ಬಾರಿ ಕಂಡದ್ದನ್ನು ಬರೆದಿಟ್ಟುಕೊಂಡ ಸ್ಟೇಟ್ ಕಡತ, ಮತ್ತು ಕ್ಲೌಡ್‌ನಲ್ಲಿ ಈಗ ನಿಜವಾಗಿ ಇರುವುದು. ಕಾಫಿ ತೋಟದ ಸರ್ವೆ ನಕ್ಷೆ ಇದ್ದಂತೆಯೇ ಇದ್ದು ಬೇಲಿ ಮಾತ್ರ ಎರಡಡಿ ಆಚೆ ಹೋಗಿದ್ದರೆ ಅದು ಕದಲಿಕೆ. ಬೇಲಿಯನ್ನು ಬೇರೆ ಕಡೆ ಹಾಕಿಸಲು ಯಜಮಾನರು ತೀರ್ಮಾನಿಸಿದ್ದು, ಆಳುಗಳು ಇನ್ನೂ ಹಾಕಿಲ್ಲವಾದರೆ ಅದು ಬಾಕಿ ಕೆಲಸ. ಕೋಡ್ ತಿದ್ದಿದ ಮೇಲೆ ಪ್ಲಾನ್‌ನಲ್ಲಿ ಕಾಣುವುದು ಬಾಕಿ ಕೆಲಸವೇ. ಪ್ಲಾನ್‌ಗೆ ‘ಡಿಟೇಲ್ಡ್ ಎಕ್ಸಿಟ್‌ಕೋಡ್’ ಆಯ್ಕೆ ಕೊಟ್ಟಾಗ ಕೊನೆಗೆ ಬರುವ 2 ಎಂಬ ಅಂಕಿ ‘ವ್ಯತ್ಯಾಸವಿದೆ’ ಎನ್ನುತ್ತದೆ ಅಷ್ಟೇ, ಈ ಎರಡರಲ್ಲಿ ಯಾವುದೆಂದು ಹೇಳುವುದಿಲ್ಲ. ಹಾಗಿದ್ದೂ ಅದನ್ನೇ ನಂಬಿ ‘ಡ್ರಿಫ್ಟ್ ಎಚ್ಚರಿಕೆ’ ಕಳುಹಿಸುವ ವ್ಯವಸ್ಥೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಕದಲಿಕೆ ಮಾತ್ರ ಬೇಕಿದ್ದರೆ ಸ್ಟೇಟನ್ನು ಈಗಿನ ಕ್ಲೌಡ್‌ನೊಡನೆ ಮಾತ್ರ ಹೋಲಿಸುವ ‘ರಿಫ್ರೆಶ್ ಓನ್ಲಿ’ ಪ್ಲಾನ್ ಓಡಿಸಬೇಕು.

ಟೆರಾಫಾರ್ಮನ್ನು ಕ್ಲೌಡ್‌ಗೆ ಜೋಡಿಸುವ ‘ಪ್ರೊವೈಡರ್’ ತಂತ್ರಾಂಶದ ಆವೃತ್ತಿ ಏರಿಸಿದಾಗ ಪೂರ್ವನಿಯೋಜಿತ ಮೌಲ್ಯ ಬದಲಾಗಿ ಕಾಣುವ ವ್ಯತ್ಯಾಸವೂ ಕದಲಿಕೆಯಲ್ಲ, ಏಕೆಂದರೆ ಸರ್ವರನ್ನು ಯಾರೂ ಮುಟ್ಟಿಲ್ಲ. ಕ್ಲೌಡ್‌ನ ನಿಯಂತ್ರಣ ಪುಟವಾದ ಕನ್ಸೋಲ್‌ನಲ್ಲಿ ಕೈಯಾರೆ ಹುಟ್ಟಿಸಿದ ಹೊಸ ಸರ್ವರ್ ಇನ್ನೂ ಬೇರೆ ಬಗೆಯದು: ಅದು ಸ್ಟೇಟ್‌ನಲ್ಲೇ ಇಲ್ಲದ ಕಾರಣ ಟೆರಾಫಾರ್ಮ್‌ಗೆ ಕಾಣುವುದೇ ಇಲ್ಲ. 2018ರಲ್ಲಿ ಕದಲಿಕೆ ಪತ್ತೆಯ ಸೌಲಭ್ಯ ಪಡೆದ ಅಮೆಜಾನ್‌ನ ಇಂಥದೇ ಉಪಕರಣ ಕ್ಲೌಡ್‌ಫಾರ್ಮೇಶನ್ ಕೂಡ ಟೆಂಪ್ಲೇಟಿನಲ್ಲಿ, ಅಂದರೆ ಅದರ ಕೋಡ್ ಕಡತದಲ್ಲಿ, ಸ್ಪಷ್ಟವಾಗಿ ಬರೆದ ಗುಣಗಳನ್ನಷ್ಟೇ ಹೋಲಿಸುತ್ತದೆ. ಆದ್ದರಿಂದ ‘ಕದಲಿಕೆ ಇಲ್ಲ’ ಎಂಬ ಉತ್ತರವನ್ನು ‘ಏನೂ ಬದಲಾಗಿಲ್ಲ’ ಎಂದು ಓದಬಾರದು.

ನಿಜವಾದ ಕದಲಿಕೆ ಹೇಗಿರುತ್ತದೆ? ಆಷಾಢದ ಗಾಳಿಮಳೆಗೆ ಮನೆಯ ಸಂಪರ್ಕ ಕಡಿದ ರಾತ್ರಿ, ಬೇರೆಡೆಯಿಂದ ಒಳಹೋಗಲು ಒಬ್ಬರು ಕನ್ಸೋಲ್‌ನಲ್ಲಿ ದೂರದಿಂದ ಸರ್ವರ್‌ಗೆ ಒಳಹೋಗುವ ಬಾಗಿಲಾದ 22ನೇ ಪೋರ್ಟನ್ನು ಎಲ್ಲರಿಗೂ ತೆರೆದು, ಬೆಳಿಗ್ಗೆ ಮುಚ್ಚಲು ಮರೆಯುತ್ತಾರೆ. ಇದು ಅಪಾಯದ ಕದಲಿಕೆ. ಕ್ಲೌಡ್‌ನ ಆಟೋ ಸ್ಕೇಲಿಂಗ್ ಸೌಲಭ್ಯ ಬೇಡಿಕೆಗೆ ತಕ್ಕಂತೆ ತಾನಾಗಿ ಸರ್ವರ್‌ಗಳ ಸಂಖ್ಯೆ ಏರಿಸುವುದೂ ಕದಲಿಕೆಯೇ, ಆದರೆ ನಿರೀಕ್ಷಿತವಾದದ್ದು. ಅದನ್ನು ಲೆಕ್ಕಿಸಬೇಡ ಎನ್ನಲು ‘ಇಗ್ನೋರ್ ಚೇಂಜಸ್’ ಎಂದು ಕೋಡ್‌ನಲ್ಲೇ ಹೇಳಿಬಿಡಬೇಕು.

ಕಂಡ ಕೂಡಲೇ ಅಪ್ಲೈ ಮಾಡುವುದು ಎಲ್ಲಕ್ಕೂ ಮದ್ದಲ್ಲ. ಮೇಲಿನ ಪೋರ್ಟಿಗೆ ಅದು ಸರಿ. ಆದರೆ ತುರ್ತಿನಲ್ಲಿ ಯಾರೋ ಡಿಸ್ಕಿನ ವೇಗ ಹೆಚ್ಚಿಸಿ ಸೇವೆಯನ್ನು ಉಳಿಸಿದ್ದರೆ, ಅಪ್ಲೈ ಆ ರಿಪೇರಿಯನ್ನೇ ಅಳಿಸುತ್ತದೆ. ಅದನ್ನು ಉಳಿಸಬೇಕಾದರೆ ಕೋಡ್ ತಿದ್ದಬೇಕು. ರಿಫ್ರೆಶ್ ಓನ್ಲಿಯನ್ನು ಒಪ್ಪಿ ಅಪ್ಲೈ ಮಾಡಿದರೆ ಸ್ಟೇಟ್ ಮಾತ್ರ ಹೊಸದಾಗುತ್ತದೆ, ಕೋಡ್ ಹಳೆಯದೇ ಉಳಿಯುತ್ತದೆ, ಮತ್ತು ಮುಂದಿನ ಪ್ಲಾನ್ ಅದೇ ರಿಪೇರಿಯನ್ನು ಅಳಿಸುತ್ತೇನೆಂದು ಮತ್ತೆ ಮುಂದಿಡುತ್ತದೆ.