ಒಬಾಮಾ ಮತ್ತು ಅವರ ಪಾದ್ರಿ: ಇಪ್ಪತ್ತು ವರ್ಷದ ನಂಟು ಹೇಗೆ ಮುರಿಯಿತು?

2008ರ ಮಾರ್ಚ್ 13ರಂದು ಅಮೆರಿಕದ ಎಬಿಸಿ ವಾಹಿನಿ ಕೆಲವು ವಿಡಿಯೊ ತುಣುಕುಗಳನ್ನು ಪ್ರಸಾರ ಮಾಡಿತು. ಅವೇನೂ ಕದ್ದು ತೆಗೆದವಲ್ಲ. ಶಿಕಾಗೊದ ಟ್ರಿನಿಟಿ ಚರ್ಚ್ ತಾನೇ ಮಾರುತ್ತಿದ್ದ ಪ್ರವಚನಗಳು. ಒಂದು ತುಣುಕಿನಲ್ಲಿ ಪಾದ್ರಿ ಜೆರಮೈಯಾ ರೈಟ್ ಗಂಟಲು ಹರಿಯುವಂತೆ ಕೂಗುತ್ತಿದ್ದರು: ‘ದೇವರು ಅಮೆರಿಕವನ್ನು ಹರಸಲಿ ಅಂತ ಹಾಡಬೇಕಂತೆ. ಇಲ್ಲ, ದೇವರು ಅಮೆರಿಕಕ್ಕೆ ಶಾಪ ಕೊಡಲಿ!’

ಬೇರೆ ಯಾವ ಪಾದ್ರಿ ಹೀಗೆ ಹೇಳಿದ್ದರೂ ಇಷ್ಟು ಗದ್ದಲ ಆಗುತ್ತಿರಲಿಲ್ಲ. ಆದರೆ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್‌ಗಾಗಿ ಹಿಲರಿ ಕ್ಲಿಂಟನ್ ಜೊತೆ ಸೆಣಸುತ್ತಿದ್ದ ಬರಾಕ್ ಒಬಾಮಾ ಅವರ ಮದುವೆ ಮಾಡಿಸಿದ್ದು ಇವರೇ. ಅವರ ಇಬ್ಬರು ಹೆಣ್ಣುಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವರೂ ಇವರೇ.

ಒಬಾಮಾ 1985ರಲ್ಲಿ ಶಿಕಾಗೊಗೆ ಬಂದದ್ದು ಊರಿನ ದಕ್ಷಿಣ ಭಾಗದ ಬಡ ಕಪ್ಪು ಜನರನ್ನು ಸಂಘಟಿಸುವ ಕೆಲಸಕ್ಕೆ. ಅಲ್ಲಿ ಜನ ಸೇರುವುದೇ ಚರ್ಚುಗಳಲ್ಲಿ. ಹವಾಯಿಯಲ್ಲಿ ಹುಟ್ಟಿ, ಇಂಡೋನೇಷ್ಯಾದಲ್ಲೂ ಬೆಳೆದ ಈ ಹುಡುಗನಿಗೆ ಸ್ವಂತ ಚರ್ಚ್ ಅಂತ ಇರಲಿಲ್ಲ. ಪಾದ್ರಿಗಳ ಬಳಿ ಸಹಾಯ ಕೇಳಲು ಹೋದರೆ, ‘ನಿನ್ನದು ಯಾವ ಚರ್ಚಪ್ಪಾ?’ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಹೀಗೆ ಟ್ರಿನಿಟಿಯ ಪರಿಚಯವಾಯಿತು.

ರೈಟ್ ಸಾಮಾನ್ಯ ವ್ಯಕ್ತಿಯಲ್ಲ. ಅಮೆರಿಕದ ಸೇನೆಯಲ್ಲಿ ದುಡಿದವರು. 1966ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಶಸ್ತ್ರಚಿಕಿತ್ಸೆ ಆದಾಗ ಆರೈಕೆಯ ತಂಡದಲ್ಲಿದ್ದರು. 1972ರಲ್ಲಿ ಟ್ರಿನಿಟಿಗೆ ಬಂದಾಗ ಅಲ್ಲಿದ್ದದ್ದು 87 ಸದಸ್ಯರು. ಅದನ್ನು ಸಾವಿರಾರು ಜನರ ಚರ್ಚ್ ಮಾಡಿದರು. ಅವರ ಒಂದು ಪ್ರವಚನದಲ್ಲಿ ಒಂದು ಚಿತ್ರದ ವರ್ಣನೆ ಬರುತ್ತದೆ. ಭೂಗೋಳದ ಮೇಲೆ ಹೆಂಗಸೊಬ್ಬಳು ಕೂತಿದ್ದಾಳೆ, ಕೈಯಲ್ಲಿರುವ ವಾದ್ಯಕ್ಕೆ ಉಳಿದಿರುವುದು ಒಂದೇ ತಂತಿ, ಆದರೂ ನುಡಿಸುತ್ತಿದ್ದಾಳೆ. ಆಸೆ ಇಟ್ಟುಕೊಳ್ಳುವ ಧೈರ್ಯ ಅಂದರೆ ಇದು ಎಂದರು ರೈಟ್. ಒಬಾಮಾ ಅದನ್ನು ಕೇಳುತ್ತಾ ಕಣ್ಣೀರಾಗಿದ್ದರು. 2006ರಲ್ಲಿ ಬಂದ ಒಬಾಮಾ ಪುಸ್ತಕದ ಹೆಸರು, ‘ದಿ ಆಡಾಸಿಟಿ ಆಫ್ ಹೋಪ್’, ಹುಟ್ಟಿದ್ದು ಇಲ್ಲಿಂದಲೇ.

ಅಪಾಯದ ವಾಸನೆ ಮೊದಲೇ ಬಡಿದಿತ್ತು. 2007ರ ಫೆಬ್ರುವರಿ 10ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಬಾಮಾ ಉಮೇದುವಾರಿಕೆ ಘೋಷಿಸುವ ಸಭೆಯಲ್ಲಿ ರೈಟ್ ಪ್ರಾರ್ಥನೆ ಹೇಳಬೇಕಿತ್ತು. ಹಿಂದಿನ ರಾತ್ರಿ ಫೋನ್ ಮಾಡಿ ಬೇಡ ಎನ್ನಲಾಯಿತು. ವೇದಿಕೆ ಹಿಂದೆ ಕುಟುಂಬದ ಜೊತೆ ಪ್ರಾರ್ಥನೆ ಮಾಡಿಸಿದರು, ಅಷ್ಟೇ.

ತುಣುಕುಗಳು ಪೂರ್ತಿ ಕಥೆ ಹೇಳುತ್ತಿರಲಿಲ್ಲ ಎಂಬುದು ನಿಜ. 2001ರ ಸೆಪ್ಟೆಂಬರ್ 11ರ ದಾಳಿಯಾದ ಐದನೇ ದಿನ ರೈಟ್ ಹಿರೋಶಿಮಾ, ನಾಗಸಾಕಿಗಳನ್ನು ನೆನಪಿಸಿ, ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಧಾಟಿಯಲ್ಲಿ ಮಾತಾಡಿದ್ದರು. ಟಿವಿಯಲ್ಲಿ ಒಬ್ಬ ಮಾಜಿ ರಾಯಭಾರಿ ಹೇಳಿದ್ದನ್ನು ಹೇಳುತ್ತಿದ್ದೇನೆ ಎಂದೂ ಸೇರಿಸಿದ್ದರು. ಆ ಭಾಗ ತುಣುಕಿನಲ್ಲಿ ಹಾರಿಹೋಯಿತು. ಆದರೆ ಏಡ್ಸ್ ವೈರಾಣುವನ್ನು ಕಪ್ಪು ಜನರ ವಿರುದ್ಧ ಸರ್ಕಾರವೇ ಸೃಷ್ಟಿಸಿತು ಎಂಬ ರೈಟ್ ಮಾತಿಗೆ ಯಾವ ಸಂದರ್ಭವೂ ಆಸರೆಯಾಗದು. ಅಲಬಾಮಾ ರಾಜ್ಯದ ಟಸ್ಕಿಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ನೂರಾರು ಕಪ್ಪು ಗಂಡಸರಿಗೆ ಸರ್ಕಾರಿ ವೈದ್ಯರೇ ಚಿಕಿತ್ಸೆ ಕೊಡದೆ ಸುಮ್ನೆ ಗಮನಿಸುತ್ತಾ ಕೂತಿದ್ದರು. ಅನುಮಾನದ ಬೇರು ಅಲ್ಲಿದೆ. ಅನುಮಾನ ಬೇರೆ, ಪುರಾವೆ ಬೇರೆ ಅಲ್ವಾ?

ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಒಬಾಮಾ ಜನಾಂಗದ ಬಗ್ಗೆ ದೊಡ್ಡ ಭಾಷಣ ಮಾಡಿದರು. ರೈಟ್ ಮಾತು ತಪ್ಪು, ಆದರೆ ಅವರನ್ನು ಬಿಡಲಾರೆ; ನನ್ನ ಬಿಳಿ ಅಜ್ಜಿಯನ್ನು ಬಿಡಲಾರೆನಲ್ಲ, ಹಾಗೆಯೇ ಎಂದರು. ಭಾಷಣ ಕೆಲಸ ಮಾಡಿತು. ವಿಷಯ ಅಲ್ಲಿಗೇ ತಣ್ಣಗಾಗಬಹುದಿತ್ತು.

ಆಗಲು ಬಿಡದವರು ರೈಟ್. ಏಪ್ರಿಲ್ 28ರಂದು ವಾಷಿಂಗ್ಟನ್‌ನ ನ್ಯಾಷನಲ್ ಪ್ರೆಸ್ ಕ್ಲಬ್‌ಗೆ ಬಂದರು. ಅಭಿಮಾನಿಗಳು ಚಪ್ಪಾಳೆ ತಟ್ಟಿದಂತೆಲ್ಲ ಅವರ ಹುರುಪೂ ಜಾಸ್ತಿಯಾಯಿತು. ಏಡ್ಸ್ ಬಗ್ಗೆ ಕೇಳಿದಾಗ ಟಸ್ಕಿಗಿಯನ್ನು ಎತ್ತಿ, ನಮ್ಮ ಸರ್ಕಾರ ಏನು ಬೇಕಾದರೂ ಮಾಡಬಲ್ಲದು ಎಂದರು. ಯಹೂದ್ಯರ ವಿರುದ್ಧದ ಮಾತುಗಳಿಗೆ ಕುಖ್ಯಾತರಾದ ಲೂಯಿಸ್ ಫರಾಖಾನ್ ಅವರನ್ನು ಹೊಗಳಿದರು. ಒಬಾಮಾ ಬಗ್ಗೆ, ಅವರು ರಾಜಕಾರಣಿ, ರಾಜಕಾರಣಿ ಮಾಡುವುದನ್ನೇ ಮಾಡುತ್ತಾರೆ ಎಂದುಬಿಟ್ಟರು. ಅಂದರೆ ಫಿಲಡೆಲ್ಫಿಯಾದ ಭಾಷಣ ಬರೀ ನಾಟಕ ಎಂದಂತಾಯಿತು. ನನ್ನ ಪ್ರಕಾರ ನಂಟು ಮುರಿದದ್ದು ಈ ಒಂದು ಮಾತಿಗೆ, ಹಳೆಯ ವಿಡಿಯೊಗಳಿಂದ ಅಲ್ಲ. ಮರುದಿನವೇ ಒಬಾಮಾ, ನಿನ್ನೆ ನಾನು ನೋಡಿದ ಮನುಷ್ಯ ಇಪ್ಪತ್ತು ವರ್ಷದ ಹಿಂದೆ ಭೇಟಿಯಾದವರಲ್ಲ ಎಂದು ಕೈಬಿಟ್ಟರು. ಟ್ರಿನಿಟಿಗೆ ಅತಿಥಿಯಾಗಿ ಬಂದ ಬಿಳಿ ಪಾದ್ರಿಯೊಬ್ಬರು ಹಿಲರಿಯನ್ನು ಅಣಕಿಸಿದ ಮೇಲೆ, ಮೇ ಕೊನೆಗೆ ಚರ್ಚನ್ನೂ ಬಿಟ್ಟರು.

ತಮಾಷೆ ಎಂದರೆ, ಅದೇ ಹೊತ್ತಿನಲ್ಲಿ ಒಬಾಮಾ ಗುಟ್ಟಾಗಿ ಮುಸ್ಲಿಂ ಎಂಬ ಇಮೇಲ್‌ಗಳೂ ದೇಶ ತುಂಬಾ ಹರಿದಾಡುತ್ತಿದ್ದವು!

ಎದುರಾಳಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಮೆಕೇನ್‌ಗೂ ಇಂಥದೇ ತಲೆನೋವಿತ್ತು. ಯಹೂದ್ಯರನ್ನು ಇಸ್ರೇಲ್‌ಗೆ ಅಟ್ಟಲು ದೇವರೇ ಹಿಟ್ಲರ್‌ನನ್ನು ಕಳಿಸಿದ ಎಂಬರ್ಥದಲ್ಲಿ ಮಾತಾಡಿದ್ದ ಜಾನ್ ಹೇಗೀ ಎಂಬ ಪಾದ್ರಿಯ ಬೆಂಬಲವನ್ನು ಮೆಕೇನ್ ಮೇ ತಿಂಗಳಲ್ಲಿ ತಿರಸ್ಕರಿಸಿದರು. ಅದು ಚುನಾವಣೆಗಾಗಿ ಹುಟ್ಟಿದ ನಂಟು, ಕಳಚಿಕೊಳ್ಳುವುದು ಸುಲಭ. ರೈಟ್ ವಿಷಯವನ್ನು ತಮ್ಮ ಪ್ರಚಾರದಲ್ಲಿ ಬಳಸಬಾರದು ಎಂದೂ ಮೆಕೇನ್ ಹೇಳಿದ್ದರು. 2012ರಲ್ಲಿ ಅದನ್ನು ಮತ್ತೆ ಕೆದಕುವ ಜಾಹೀರಾತು ಯೋಜನೆಯೊಂದು ಬಯಲಾದಾಗ ಆ ವರ್ಷದ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರೊಮ್ನಿ ಕೂಡ ಬೇಡ ಎಂದರು.

ಶ್ವೇತಭವನದಲ್ಲಿದ್ದ ಎಂಟು ವರ್ಷ ಒಬಾಮಾ ಕುಟುಂಬ ವಾಷಿಂಗ್ಟನ್‌ನ ಯಾವ ಚರ್ಚಿನ ಸದಸ್ಯತ್ವವನ್ನೂ ಪಡೆಯಲಿಲ್ಲ.